ಎಲ್.ಸಿ. ವಾಪಸ್ ಬರುವ ತನಕ

ಫೆಬ್ರವರಿ ೧೭, ಸೋಮವಾರ

ನನ್ನ ದನಿ ಅಷ್ಟು ಕೆಟ್ಟದಾಗಿದೆ ಅಂತ ಇವತ್ತೇ ಗೊತ್ತಾದದ್ದು. ಇಂಜಿನಿಯರ್ ಹರ್ಷವರ್ಧನ ಸಾಹೇಬರು ಸೆಕ್ಷನ್ ಆಫೀಸಿಗೆ ಕರೆಸಿ, ಎದುರಿಗೆ ಕೂರಿಸಿಕೊಂಡು, ಮೊಬೈಲಿನಲ್ಲಿ ನನ್ನದೇ ಮಾತನ್ನು ನನಗೆ ಕೇಳಿಸಿದರು.

"ಇನ್ನೊಂದು ಸಲ ಹಿಂಗೆ ಸತಾಯಿಸಿದ್ರೆ ನಿಮ್ಮನ್ನ ಕೇಳೋದೂ ಇಲ್ಲ, ಲೈನ್ ಚಾರ್ಜ್ ಮಾಡ್ತೀನಿ. ಕಂಬದ ಮೇಲಿದ್ರೆ ಅಲ್ಲೇ ಇರಿ."

ಕಳೆದ ವಾರ ಲೈನ್‌ಮನ್ ಶಿವರಾಮುಗೆ ಹೇಳಿದ್ದು. ಮಹಾನುಭಾವ ರೆಕಾರ್ಡ್ ಮಾಡಿಕೊಂಡು ಸಾಹೇಬರಿಗೆ ಕಳಿಸಿದ್ದಾನೆ. ದೀಪಶ್ರೀ ಮೇಡಂ ಡ್ಯೂಟಿಯಲ್ಲಿರುವಾಗ ನಾನು ಕಂಬ ಹತ್ತುವುದಿಲ್ಲ, ನನಗೂ ಹೆಂಡತಿ ಮಕ್ಕಳಿದ್ದಾರೆ ಅಂತ ನನ್ನ ಮೇಲೆ ದೂರನ್ನೂ ಕೊಟ್ಟಿದ್ದಾನೆ. ಅವನು ಮಾಡುವುದನ್ನು ಯಾರೂ ಕೇಳಲಿಲ್ಲ. "ಈ ಮಾತಿಗೆ ನಿಮ್ಮನ್ನ ಇವತ್ತೇ ಕಳಿಸಬಹುದಿತ್ತು, ಏಜೆನ್ಸಿಗೆ ಒಂದು ಫೋನ್ ಮಾಡಿದರೆ ಸಾಕು" ಅಂದರು ಸಾಹೇಬರು. ಗುತ್ತಿಗೆಯವಳು ನಾನು, ಒಂದು ಫೋನೇ ಸಾಕು.

ಮಂಡ್ಯಕ್ಕೆ ಬಂದು ಅಮ್ಮನಿಗೆ ಹೇಳಿದೆ. ಇಷ್ಟು ವರ್ಷವಾದರೂ ಅಮ್ಮನಿಗೆ ನನ್ನ ಕೆಲಸ ಏನು ಅಂತ ತಿಳಿದಿಲ್ಲ. ಮತ್ತೆ ಮೊದಲಿಂದ ಹೇಳಿದೆ. ಲೈನ್‌ಮನ್ ಕಂಬ ಹತ್ತುವ ಮೊದಲು ನಮ್ಮ ವಿದ್ಯುತ್ ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರ್ ಕೇಳುತ್ತಾನೆ, ನಾವು ಎಲ್.ಸಿ. ಅನ್ನುತ್ತೇವೆ. ನಾನು ಆ ಲೈನಿನ ಸ್ವಿಚ್ ಆಫ್ ಮಾಡಿ, ಅದಕ್ಕೆ ಕೆಂಪು ಬೋರ್ಡು ನೇತುಹಾಕಿ, ಒಂದು ನಂಬರ್ ಕೊಡುತ್ತೇನೆ. ಅವನು ಕೆಲಸ ಮುಗಿಸಿ ಇಳಿದು, ಅದೇ ನಂಬರ್ ಹೇಳಿ ಎಲ್.ಸಿ. ವಾಪಸ್ ಕೊಡಬೇಕು. ಕೊಡುವ ತನಕ ಊರಿಗೆ ಊರೇ ಕತ್ತಲಲ್ಲಿದ್ದರೂ ನಾನು ಸ್ವಿಚ್ ಮುಟ್ಟುವ ಹಾಗಿಲ್ಲ, ಕರೆಂಟು ಹರಿಸಿ ಲೈನ್ ಚಾರ್ಜ್ ಮಾಡುವ ಹಾಗಿಲ್ಲ. ಈ ಶಿವರಾಮು ಕೆಳಗಿಳಿದು, ಬೀಡಿ ಹಚ್ಚಿ, ಟೀ ಕುಡಿದು, ದಾರಿಹೋಕರ ಕ್ಷೇಮ ವಿಚಾರಿಸಿ, ಆಮೇಲೆ ನೆನಪಾದರೆ ಫೋನ್ ಮಾಡುತ್ತಾನೆ. ಅಷ್ಟು ಹೊತ್ತೂ ಊರಿನವರ ಬೈಗುಳವೆಲ್ಲ ನನ್ನ ಪಾಲಿಗೆ.

"ಹಾಗಾದ್ರೆ ಅವನ ಪ್ರಾಣ ನಿನ್ನ ಕೈಲಿದೆ ಅನ್ನು" ಅಂದಳು ಅಮ್ಮ, ಹುರುಳಿಕಾಯಿ ನಾರು ತೆಗೆಯುತ್ತಾ.

"ನನ್ನ ಪ್ರಾಣ ಅವನ ಕೈಲಿದೆ ಅನ್ನು. ಅದು ಬಾಯಿಮಾತಮ್ಮ. ಸಿಟ್ಟಲ್ಲಿ ಅಂದಿದ್ದು."

"ನಿಮ್ಮಪ್ಪನಿಗೂ ಮೂಗಿನ ತುದೀಲೇ ಇತ್ತು ಸಿಟ್ಟು. ಆದ್ರೆ ಅವರ ಕೈಲಿ ಸ್ವಿಚ್ ಇರಲಿಲ್ಲ ಕಣೇ."

ಊಟ ಮಾಡದೆ ಎದ್ದೆ. ಶನಿವಾರ ಯಾವುದೋ ತರಬೇತಿಗೆ ಹೋಗಬೇಕಂತೆ, ಒತ್ತಡ ನಿಭಾಯಿಸುವುದು ಹೇಗೆ ಅಂತ. ಹೋಗದಿದ್ದರೆ ಕೆಲಸವಿಲ್ಲ. ಒತ್ತಡ ಕೊಡುವವನಿಗೆ ತರಬೇತಿ ಇಲ್ಲ, ಸಹಿಸುವವಳಿಗೆ ಇದೆ.

ಫೆಬ್ರವರಿ ೨೨, ಶನಿವಾರ

ವಿ.ಸಿ. ಫಾರಂ ಕಡೆ ಹೋಗುವ ರಸ್ತೆಯಲ್ಲಿ ಒಂದು ಕಲ್ಯಾಣ ಮಂಟಪ. ಒಳಗೆ ನನ್ನಂಥವರೇ ತುಂಬಿದ್ದರು. ಪ್ರಯಾಣಿಕನ ಕೊರಳಪಟ್ಟಿ ಹಿಡಿದ ಕಂಡಕ್ಟರ್, ರೋಗಿಯ ನೆಂಟರಿಗೆ ಟ್ರೇ ಎಸೆದ ನರ್ಸು. ಎಲ್ಲರೂ ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ಕೂತಿದ್ದೆವು. ಉಪ್ಪಿಟ್ಟು ತಣ್ಣಗಿತ್ತು.

ಪಾಠ ಹೇಳಿದವರು ಅನಂತರಾಮು ಅಂತ, ನಿವೃತ್ತ ಬ್ಯಾಂಕ್ ಅಧಿಕಾರಿ. ಎಷ್ಟು ಬೈದರೂ ಬೇಸರವಾಗದವರ ಹಾಗೆ ನಗುತ್ತಾರೆ, ನೋಡಿದರೇ ಮೈ ಉರಿಯುತ್ತದೆ. "ಸಿಟ್ಟು ಬಂದಾಗ ಒಳಕ್ಕೆ ತಿರುಗಿ ಕೇಳಿಕೊಳ್ಳಿ, ಇದು ಯಾರಿಗೆ ಬಂತು?" ಅಂದರು.

ನಾನು ಎದ್ದು ನಿಂತು, "ನನಗೇ ಬಂತು ಸಾರ್. ಆಧಾರ್ ಕಾರ್ಡ್ ತೋರಿಸಲಾ?" ಅಂದೆ. ಕಂಡಕ್ಟರ್ ಶಿಳ್ಳೆ ಹೊಡೆದ.

ಅನಂತರಾಮು ಆಗಲೂ ನಕ್ಕರು. "ಸರಿ ತಾಯಿ, ನಿಮಗೆ ಸುಲಭದ್ದು ಕೊಡ್ತೀನಿ. ಈಗ ನನಗೆ ನಿಜವಾಗಿ ಗೊತ್ತಿರೋದು ಎಷ್ಟು, ನಾನೇ ಸೇರಿಸಿಕೊಂಡಿದ್ದು ಎಷ್ಟು? ಇದನ್ನ ಕೇಳಿಕೊಳ್ಳಿ. ಅದಾದ ಮೇಲೆ, ಈ ಗಳಿಗೆಯಲ್ಲಿ ನನಗೆ ಏನು ಬೇಕಾಗಿದೆ ಅಂತ ಕೇಳಿಕೊಳ್ಳಿ. ಉತ್ತರ ಚೆನ್ನಾಗಿರಬೇಕು ಅಂತೇನಿಲ್ಲ. ನಿಜವಾಗಿರಬೇಕು. ಸಂಜೆ ಬರೆದಿಡಿ."

ಅದಕ್ಕೇ ಬರೆಯುತ್ತಿದ್ದೇನೆ. ಈಗ ನನಗೆ ಏನು ಬೇಕು? ಬಿಸಿ ಉಪ್ಪಿಟ್ಟು ಬೇಕು, ಶಿವರಾಮುಗೆ ದೂರದ ಊರಿಗೆ ವರ್ಗ ಬೇಕು.

ಫೆಬ್ರವರಿ ೨೪, ಸೋಮವಾರ

ಶಿವರಾಮು ಕಂಬ ಹತ್ತಲು ಒಪ್ಪಿದ್ದಾನೆ. ಸಾಹೇಬರು ಕೈಕಾಲು ಹಿಡಿದಿರಬೇಕು. ಆದರೆ ಅವನದೊಂದು ಷರತ್ತು. ಪ್ರತಿ ಸಲವೂ ಸ್ವಿಚ್ಚಿನ ಮೇಲೆ ಕೆಂಪು ಬೋರ್ಡು ಹಾಕಿದ್ದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಬೇಕು.

"ಮಹದೇವಯ್ಯ ಡ್ಯೂಟೀಲಿ ಇದ್ದಾಗ ಫೋಟೋ ಕೇಳ್ತೀರಾ?" ಅಂದೆ. ಇನ್ನೊಂದು ಪಾಳಿಯಲ್ಲಿ ನನ್ನ ಕೆಲಸ ಮಾಡುವವರು ಅವರು.

"ಅವ್ರು ನನ್ನ ಸಾಯ್ಸ್ತೀನಿ ಅಂದಿಲ್ವಲ್ಲ ಮೇಡಂ" ಅಂದ.

ಫೋಟೋ ಕಳಿಸಿದೆ. ಒಂದು ಮಸುಕಾಗಿತ್ತು, ಇನ್ನೊಂದು ಕೇಳಿದ. ಬಸ್ಸಿನಲ್ಲಿ ಮದ್ದೂರು ಬರುವ ತನಕ ಅವನಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದೆ. ಒಂದಕ್ಕಿಂತ ಒಂದು ಚೂಪಾದ ಉತ್ತರ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾಕವ್ವಾ, ಬಾಯಲ್ಲೇನೋ ಮಣಮಣ ಅಂತಿದ್ದೀಯ, ಮಂತ್ರವಾ?" ಅಂದಳು.

ಮಾರ್ಚ್ ೫, ಬುಧವಾರ

ಬಿಸಿಲು ಏರಿದೆ, ರೈತರ ಪಂಪಿಗೆ ಮೂರು ಫೇಸ್ ಕರೆಂಟು ಕೊಡುವ ಹೊತ್ತು ಕಡಿಮೆ ಮಾಡಿದ್ದಾರೆ. ಮೇಲಿನವರು ಮಾಡಿದ್ದು, ಕೇಳಿಸಿಕೊಳ್ಳುವವಳು ನಾನು. ರೇವಣ್ಣ ಅಂತ ಒಬ್ಬ, ಹಿಂದೆ ಪಂಚಾಯ್ತಿ ಮೆಂಬರ್ ಆಗಿದ್ದವನು, ದಿನಾ ಫೋನ್ ಮಾಡುತ್ತಾನೆ. ಇವತ್ತು ಅಂದ, "ಏನಮ್ಮ, ಬದುಕಿದ್ದೀರೋ ಇಲ್ಲ ತಿಥಿ ಮಾಡ್ಬುಡಾನೋ?"

ಕೇಳಿಕೊಂಡೆ. ನನಗೆ ಗೊತ್ತಿರುವುದು, ಅವನ ಕಬ್ಬಿಗೆ ನೀರಿಲ್ಲ. ನಾನು ಸೇರಿಸಿದ್ದು, ಹೆಂಗಸು ಅಂತ, ಗುತ್ತಿಗೆಯವಳು ಅಂತ, ಮಂಡ್ಯದಿಂದ ಬರುವ ಪುಳಿಚಾರಿನ ಜಾತಿಯವಳು ಅಂತ ನನ್ನನ್ನು ತುಳಿಯುತ್ತಿದ್ದಾನೆ. ಅವನು ಇಷ್ಟನ್ನೂ ಹೇಳಿರಲಿಲ್ಲ. ತಿಥಿ ಮಾತ್ರ ಹೇಳಿದ್ದ.

"ಐದು ಗಂಟೆಗೆ ಮೂರು ಫೇಸ್ ಬರುತ್ತೆ" ಅಂತಷ್ಟೇ ಹೇಳಿ ಫೋನಿಟ್ಟೆ. ಇಟ್ಟ ಮೇಲೆ ಸಿಟ್ಟು ಹೋಗಲಿಲ್ಲ. ಹೋಗುತ್ತದೆ ಅಂತ ಅನಂತರಾಮು ಹೇಳಿಯೂ ಇರಲಿಲ್ಲ, ಅದನ್ನು ನಾನೇ ಸೇರಿಸಿಕೊಂಡಿದ್ದೆ.

ಮಾರ್ಚ್ ೬, ಗುರುವಾರ

ಇವತ್ತು ಏನನ್ನೂ ಕೇಳಿಕೊಳ್ಳಲಿಲ್ಲ. ರೇವಣ್ಣನಿಗೆ ಚೆನ್ನಾಗಿ ಬೈದೆ. ಹಾಯಾಗಿತ್ತು.

ಮಾರ್ಚ್ ೧೪, ಶುಕ್ರವಾರ

ಬೆಳಿಗ್ಗೆ ಶಿವರಾಮು ಎಲ್.ಸಿ. ತೆಗೆದುಕೊಂಡು, ಬೇಕೆಂದೇ ಅನ್ನುವ ಹಾಗೆ ಹೊತ್ತು ಮಾಡಿ ವಾಪಸ್ ಕೊಟ್ಟ. ನಾನು ಜೋರು ಮಾಡಲಿಲ್ಲ. ನಂಬರ್ ಬರೆದುಕೊಂಡೆ, ಲೈನ್ ಚಾರ್ಜ್ ಮಾಡಿದೆ, ಅಷ್ಟೆ. ಸಂಜೆ ಮನೆಗೆ ಬಂದು, ಸಾರಿಗೆ ಉಪ್ಪು ಹೆಚ್ಚಾಗಿದೆ ಅಂತ ಅಮ್ಮನ ಮೇಲೆ ಹಾರಾಡಿದೆ. ಅಮ್ಮ ಸುಮ್ಮನೆ ಇನ್ನೊಂದು ಲೋಟ ನೀರು ತಂದಿಟ್ಟಳು. ಉಪ್ಪು ಹೆಚ್ಚಾಗಿರಲಿಲ್ಲ.

ಕೂತು ಕೇಳಿಕೊಂಡೆ, ಏನು ನೋಯುತ್ತಿದೆ? ಅವನು ತಡ ಮಾಡಿದ್ದಲ್ಲ. ಆ ರೆಕಾರ್ಡ್ ಮಾಡಿದ್ದೂ ಅಲ್ಲ. ಆ ಮಾತು ಬಾಯಿಮಾತು ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ, ಸಾಹೇಬರಿಗೆ, ಅಮ್ಮನಿಗೆ, ಮಹದೇವಯ್ಯನಿಗೆ. ಕೊನೆಗೆ ಎಲ್ಲರೂ ಒಪ್ಪಿದರು. ಶಿವರಾಮು ಒಬ್ಬ ಒಪ್ಪಲಿಲ್ಲ. ಎಲ್ಲರೂ ತಲೆಯಾಡಿಸಿದರೂ ಅವನೊಬ್ಬ ಒಪ್ಪದೆ ಇರುವುದು ಯಾಕೆ ಇಷ್ಟು ಚುಚ್ಚಬೇಕು?

ಇದಕ್ಕೆ ಉತ್ತರ ಬರೆಯಲು ಹೊರಟು ನಿಲ್ಲಿಸಿದ್ದೇನೆ. ನಿದ್ದೆ ಬರುತ್ತಿದೆ ಅಂತ ಬರೆಯೋಣ ಅನ್ನಿಸಿತು. ನಿದ್ದೆ ಬರುತ್ತಿಲ್ಲ, ಉತ್ತರ ಬೇಡ ಅನ್ನಿಸುತ್ತಿದೆ.

ಮಾರ್ಚ್ ೨೭, ಗುರುವಾರ

ಹಬ್ಬದ ವಾರ. ಯುಗಾದಿಯ ಮಾರನೆಯ ದಿನ, ಊರೆಲ್ಲ ಮಾಂಸದಡುಗೆ ಮಾಡುವ ಹೊಸತೊಡಕಿಗೆ, ಡ್ಯೂಟಿ ನನ್ನದೇ. ಪ್ರತಿ ವರ್ಷವೂ ನನ್ನದೇ. "ನಿಮ್ಗೆ ಹೆಂಗಿದ್ರೂ ಬಾಡಿನ ಹಬ್ಬ ಇಲ್ವಲ್ಲ ಮೇಡಂ" ಅಂತ ಮಹದೇವಯ್ಯ ಹಲ್ಲು ಕಿರಿಯುತ್ತಾರೆ. ನನಗೆ ಒಬ್ಬಟ್ಟು ತಿಂದು ಮಲಗುವ ಹಬ್ಬ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ.

ಶಿವರಾಮು ಎರಡು ಸಲ ಎಲ್.ಸಿ. ತೆಗೆದುಕೊಂಡ. ಎರಡೂ ಸಲ ಅವನು ಕೇಳುವ ಮೊದಲೇ ಫೋಟೋ ಕಳಿಸಿಬಿಟ್ಟೆ. ಅವನ ಹಂಗಿನ ಮಾತು ಕೇಳುವುದು ತಪ್ಪಲಿ ಅಂತ, ಬೇರೇನಿಲ್ಲ. ಇಳಿದು ಫೋನ್ ಮಾಡಿದಾಗ ಏದುಸಿರು ಬಿಡುತ್ತಿದ್ದ. ಇಷ್ಟು ದಿನ ಅವನು ಬೇಕೆಂದೇ ಉಸಿರು ಎಳೆದು ಮಾತಾಡುತ್ತಾನೆ ಅಂದುಕೊಂಡಿದ್ದೆ.

ಮಾರ್ಚ್ ೩೧, ಸೋಮವಾರ, ಹೊಸತೊಡಕು

ಮನೆಗೆ ಬಂದವಳೇ ಬರೆಯಲು ಕೂತಿದ್ದೇನೆ.

ನಿನ್ನೆ ಸಂಜೆ ಬಿರುಗಾಳಿಗೆ ಒಂದು ಲೈನಿನಲ್ಲಿ ತಂತಿ ಕೂರುವ ಪಿಂಗಾಣಿ ಬಟ್ಟಲುಗಳು ಒಡೆದಿದ್ದವು. ಬೆಳಿಗ್ಗೆ ಶಿವರಾಮು ಎಲ್.ಸಿ. ತೆಗೆದುಕೊಂಡ. ಆಫ್ ಮಾಡಿದೆ, ಬೋರ್ಡು ಹಾಕಿದೆ, ಫೋಟೋ ಕಳಿಸಿದೆ. "ಬಿರ್ರನೆ ಮುಗ್ಸಿ ಓಯ್ತೀನಿ, ಇವತ್ತು ಅಬ್ಬ" ಅಂದ. ಅದಾದ ಮೇಲೆ ಅವನ ಸುದ್ದಿಯಿಲ್ಲ. ಫೋನ್ ಸ್ವಿಚ್ ಆಫ್.

ಹತ್ತಾರು ಹಳ್ಳಿಯ ಲೈನು ಅದು. ಬೇರೆ ದಿನವಾದರೆ ಸ್ವಲ್ಪ ಹೊತ್ತು ತಡೆದಾರು. ಇವತ್ತು ಪ್ರತಿ ಮನೆಯಲ್ಲೂ ಬಾಡು ಬಂದು ಕೂತಿದೆ, ಮಸಾಲೆ ಅರೆಯಲು ಮಿಕ್ಸಿ ಓಡಬೇಕು, ಟ್ಯಾಂಕಿಗೆ ನೀರು ಏರಬೇಕು, ನೆಂಟರು ಬಂದಾಗಿದೆ. ಸ್ಟೇಷನ್ ಫೋನು ಒಂದು ಗಳಿಗೆ ಸುಮ್ಮನಿರಲಿಲ್ಲ. ಹೆಂಗಸರೂ ಬೈದರು. ಒಬ್ಬಳು, "ನಿನ್ ಕೈ ಸೇದೋಗ" ಅಂದಳು. ಇನ್ನೊಬ್ಬಳು ಬರೀ ಅಳುತ್ತಿದ್ದಳು, ಬೀಗರು ಬಂದು ಕೂತವ್ರೆ ಅಂತ. ಬೈದವರಿಗಿಂತ ಅವಳೇ ಹೆಚ್ಚು ಕಾಡಿದಳು.

ಮಧ್ಯಾಹ್ನದ ಹೊತ್ತಿಗೆ ಗೇಟಿನ ಹೊರಗೆ ಬೈಕುಗಳು ಬಂದು ನಿಂತವು. ಮುಂದೆ ರೇವಣ್ಣ. ಇದುವರೆಗೆ ದನಿ ಮಾತ್ರ ಗೊತ್ತಿತ್ತು, ಆಳು ನೋಡಿದರೆ ಕುಳ್ಳ. ಕಾವಲಿನವನು ಊಟಕ್ಕೆ ಹೋದವನು ಬಂದಿರಲಿಲ್ಲ. ಗೇಟು ಹಾರಿ ಒಳಗೆ ಬಂದರು. ನಾನು ಕಂಟ್ರೋಲ್ ರೂಮಿನ ಬಾಗಿಲಿಗೆ ಅಗುಳಿ ಹಾಕಿಕೊಂಡೆ. ರೇವಣ್ಣ ಕಿಟಕಿಯ ಸರಳು ಹಿಡಿದು ನಿಂತ.

"ಏನಮ್ಮ, ನಿಮ್ಗೆ ಅಬ್ಬ ಇಲ್ಲ ಅಂತ ನಮ್ಗೂ ಇಲ್ದಂಗೆ ಮಾಡ್ತಿದ್ದೀಯಾ?"

"ಲೈನ್‌ಮನ್ ಎಲ್.ಸಿ. ವಾಪಸ್ ಕೊಟ್ಟಿಲ್ಲ. ಕೊಟ್ಟ ತಕ್ಷಣ ಹಾಕ್ತೀನಿ."

"ಯಾವನು, ಸಿವರಾಮನಾ? ಈಗ್ತಾನೆ ಬಾಡಿನ ಗುಡ್ಡೆ ತಾವ ಕಣ್ಣಾರೆ ನೋಡ್ಕಂಡ್ ಬಂದಿವ್ನಿ. ಪಾಲು ಇಸ್ಕಂಡು ನಿಂತಿದ್ದ. ಕಂಬದ ಮೇಲೆ ಕಾಗೆನೂ ಇಲ್ಲ ಕಣಮ್ಮ, ಹಾಕು ಕರೆಂಟ."

ಊರಿನವರೆಲ್ಲ ಸೇರಿ ಕುರಿ ಕೊಯ್ಯಿಸಿ, ಗುಡ್ಡೆ ಗುಡ್ಡೆ ಮಾಡಿ ಹಂಚಿಕೊಳ್ಳುತ್ತಾರೆ ಇವತ್ತು. ತಡವಾದವರಿಗೆ ಬರೀ ಮೂಳೆ. ಶಿವರಾಮು ಅಲ್ಲಿರುವುದು ನನ್ನ ಕಣ್ಣಿಗೆ ಕಟ್ಟಿತು. ಕವರ್ ಹಿಡಿದು, ಹಲ್ಲು ಬಿಟ್ಟುಕೊಂಡು, ನನ್ನನ್ನು ಪೂರಾ ಮರೆತು.

"ಅವರ ಬಾಯಲ್ಲಿ ಹೇಳಿಸಿ. ನಂಬರ್ ಹೇಳಲಿ" ಅಂದೆ.

"ನಂಬರಂತೆ ನಂಬರು! ಇವ್ಳಜ್ಜಿ ಪಿಂಡ" ಅಂದ ಹಿಂದಿನಿಂದ ಯಾವನೋ. ಅಲ್ಲಿಂದ ಮುಂದಿನದನ್ನು ಬರೆಯುವುದಿಲ್ಲ. ನನ್ನ ಜಾತಿ, ನನ್ನ ನಡತೆ, ಮದುವೆ ಆಗದೆ ಇರುವುದು, ಎಲ್ಲಕ್ಕೂ ಒಂದೊಂದು ಮಾತು ಸಿದ್ಧವಾಗಿತ್ತು. ಕಲ್ಲು ಬಂತು. ಕಿಟಕಿಯ ಗಾಜು ಮೇಜಿನ ಮೇಲೆಲ್ಲ ಬಿತ್ತು. ಊಟದ ಡಬ್ಬಿಯೊಳಗೂ ಬಿತ್ತು.

ಸಾಹೇಬರಿಗೆ ಫೋನ್ ಮಾಡಿದೆ. ಮಾವನ ಮನೆಯಲ್ಲಿದ್ದರು, ಹಿಂದೆ ಮಕ್ಕಳ ಗಲಾಟೆ. "ಅವನು ಅಲ್ಲಿಲ್ಲ ಅಂತ ಜನಾನೇ ಹೇಳ್ತಿದ್ದಾರಲ್ರೀ. ಸ್ಟೇಷನ್ ಸುಟ್ಟುಗಿಟ್ಟಾರು. ಚಾರ್ಜ್ ಮಾಡಿ, ನಾನಿದ್ದೀನಿ" ಅಂದರು.

"ಹಾಗಂತ ಒಂದು ಮೆಸೇಜ್ ಹಾಕಿ ಸಾರ್."

"ಬಾಯಲ್ಲಿ ಹೇಳಿದ್ದು ಸಾಲದೇನ್ರೀ?"

ಸಾಕಿತ್ತು. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಅಷ್ಟೇ ಸಾಕಿತ್ತು. ಎದ್ದು ಹೋಗಿ ಕೆಂಪು ಬೋರ್ಡು ತೆಗೆದು ಮೇಜಿನ ಮೇಲೆ ಬಿಸಾಕಿದೆ. ಸ್ವಿಚ್ಚಿನ ಹಿಡಿಯ ಮೇಲೆ ಕೈ ಇಟ್ಟೆ. ಹೊರಗಿದ್ದವರು ನೋಡಿ ಸುಮ್ಮನಾದರು. ರೇವಣ್ಣ, "ಆ, ಅಂಗ್ ಬಾ ದಾರಿಗೆ" ಅಂದ.

ಅಭ್ಯಾಸಬಲ ಅಷ್ಟೆ, ಕೇಳಿಕೊಂಡೆ. ನನಗೆ ಏನು ಗೊತ್ತಿದೆ? ರೇವಣ್ಣ ಹೇಳಿದ್ದು ಗೊತ್ತಿದೆ. ಶಿವರಾಮು ನನಗೆ ಹೇಳಿಲ್ಲ ಅನ್ನುವುದು ಗೊತ್ತಿದೆ. ಕವರ್ ಹಿಡಿದು ಹಲ್ಲು ಬಿಟ್ಟುಕೊಂಡು ನಿಂತಿರುವುದು ನಾನೇ ಸೇರಿಸಿದ್ದು. ಸರಿ, ಈಗ ನನಗೆ ಏನು ಬೇಕು?

ಉತ್ತರ ಬಂದುಬಿಟ್ಟಿತು. ರೇವಣ್ಣ ಹೇಳಿದ್ದು ಸುಳ್ಳಾಗಿರಲಿ. ಶಿವರಾಮು ಕಂಬದ ಮೇಲೆಯೇ ಇರಲಿ.

ಹಿಡಿ ತಣ್ಣಗಿತ್ತು. ಇಷ್ಟು ಜನ ಹೇಳುತ್ತಿದ್ದಾರೆ, ಸಾಹೇಬರು ಹೇಳಿದ್ದಾರೆ, ನನ್ನ ಮೇಲೆ ತಪ್ಪು ಬರುವುದಿಲ್ಲ, ಅವನು ಮೇಲಿರಲಿ. ಇಷ್ಟೂ ಲೆಕ್ಕ ಒಳಗೆ ಯಾರೋ ಆಗಲೇ ಹಾಕಿ ಮುಗಿಸಿದ್ದರು. ಆ ಯಾರೋ ನಾನೇ. ಕಂಬದ ಮೇಲಿದ್ರೆ ಅಲ್ಲೇ ಇರಿ ಅಂದ ಆ ಮಾತು ಬಾಯಿಮಾತಾಗಿರಲಿಲ್ಲ.

ನನಗೆ ನನ್ನ ಕಂಡರೆ ಹೆದರಿಕೆಯಾಯಿತು. ಹೊರಗಿದ್ದವರಿಗಿಂತ ಹೆಚ್ಚು ಹೆದರಿಕೆಯಾಯಿತು. ಕೈ ತೆಗೆದೆ. ಬೋರ್ಡನ್ನು ಮತ್ತೆ ನೇತುಹಾಕಿದೆ. ಸ್ವಿಚ್ಚಿನಿಂದ ದೂರ, ಎದುರಿನ ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಇನ್ನೊಂದು ಕಲ್ಲು ಬಂತು, ಅದು ಗೋಡೆಗೆ ಬಿತ್ತು.

"ಕರೆಂಟ್ ಹಾಕಲ್ಲ. ಬೇಕಾದ್ರೆ ಬಾಗಿಲು ಒಡ್ಕೊಂಡು ಬನ್ನಿ. ಇಲ್ಲಾ ಅವನನ್ನ ಹುಡುಕಿ ಫೋನ್ ಮಾಡಿಸಿ" ಅಂದೆ. ಕೂಗಲಿಲ್ಲ, ಕೂಗುವ ಶಕ್ತಿ ಇರಲಿಲ್ಲ.

ಬೈಕುಗಳು ಹುಡುಕಲು ಹೊರಟವು. ಮಧ್ಯಾಹ್ನ ಕಳೆದ ಮೇಲೆ ಯಾರದೋ ಫೋನಿನಿಂದ ಶಿವರಾಮು ದನಿ, ನಾಲಿಗೆ ತೊದಲುತ್ತಿತ್ತು. ನಂಬರ್ ಹೇಳಿದ. "ಲೈನ್ ಮೇಲೆ ಯಾರೂ ಇಲ್ಲ, ಚಾರ್ಜ್ ಮಾಡಿ" ಅಂದ. ಒಂದು ತೋಪಿನಲ್ಲಿ ಕುಡಿದು ಮಲಗಿದ್ದನಂತೆ. ಬಾಡಿನ ಕವರ್ ಪಕ್ಕದಲ್ಲೇ ಇತ್ತಂತೆ.

ಚಾರ್ಜ್ ಮಾಡಿದೆ. ಊರುಗಳಲ್ಲಿ ಮಿಕ್ಸಿ ತಿರುಗಿರಬೇಕು. ಬಸ್ಸಿನಲ್ಲಿ ಮಂಡ್ಯ ಬರುವ ತನಕ ಮನಸ್ಸಿನಲ್ಲಿ ಯಾರಿಗೂ ಏನೂ ಉತ್ತರ ಕೊಡಲಿಲ್ಲ.

ಏಪ್ರಿಲ್ ೧, ಮಂಗಳವಾರ

ತಾಲ್ಲೂಕಿಗೆಲ್ಲ ನಾನು ನಗೆಪಾಟಲು. ವಾಟ್ಸಾಪಿನಲ್ಲಿ ಓಡಾಡುತ್ತಿದೆಯಂತೆ, ಖಾಲಿ ಕಂಬ ಕಾದ ಮೇಡಂ ಅಂತ. ಮಹದೇವಯ್ಯ ನನಗೇ ತೋರಿಸಿ ನಕ್ಕರು. ಅವರ ಮನೆಯಲ್ಲೂ ಮಸಾಲೆ ಒರಳಿನಲ್ಲಿ ರುಬ್ಬಿದರಂತೆ.

ಏಪ್ರಿಲ್ ೪, ಶುಕ್ರವಾರ

ವಿಚಾರಣೆ. ರೇವಣ್ಣ ಊರಿನವರ ಸಹಿ ಮಾಡಿಸಿ ದೂರು ತಂದಿದ್ದ. ಒಡೆದ ಗಾಜಿನ ಮಾತನ್ನು ಯಾರೂ ಎತ್ತಲಿಲ್ಲ. ನಾನು ಎತ್ತಿದೆ. ಸಾಹೇಬರು, "ಅದನ್ನ ಆಮೇಲೆ ನೋಡೋಣ" ಅಂದರು.

ಶಿವರಾಮುವನ್ನು ಕೇಳಿದರು, ಅವತ್ತು ಲೈನಿನ ಮೇಲೆ ಯಾರಾದರೂ ಇದ್ದರಾ? ಅವನು ನೆಲ ನೋಡಿಕೊಂಡು, "ಯಾರೂ ಇರ್ಲಿಲ್ಲ ಸಾ. ಕೆಲ್ಸ ಮುಗ್ಸಿದ್ದೆ. ವಾಪಸ್ ಕೊಡಾದ್ ಮರ್ತ್ಬುಟ್ಟೆ" ಅಂದ.

"ನೋಡಿ ದೀಪಶ್ರೀ ಅವರೇ, ರೂಲ್ಸ್ ಪ್ರಕಾರ ನೀವು ಸರಿ. ಆದರೆ ಕೆಲಸದಲ್ಲಿ ಸಮಯಪ್ರಜ್ಞೆ ಅಂತ ಒಂದಿರುತ್ತೆ. ನಾನೇ ಹೇಳಿದ ಮೇಲೂ ಹಟ ಹಿಡಿದಿರಿ" ಅಂದರು ಸಾಹೇಬರು. ಫೋನಿನಲ್ಲಿ ನಾನಿದ್ದೀನಿ ಅಂದವರು ಇವರೇ. ಶಿವರಾಮು ಸ್ವಲ್ಪ ದಿನ ಸಸ್ಪೆಂಡು. ನಾನು ಈ ತಿಂಗಳ ಕೊನೆಯ ತನಕ, ಆಮೇಲೆ ಏಜೆನ್ಸಿ ಬೇರೆಯವರನ್ನು ಕಳಿಸುತ್ತದೆ.

ಹಟದಿಂದ ಅಲ್ಲ ಸಾರ್ ಅನ್ನಬೇಕೆಂದಿದ್ದೆ. ಮತ್ತೆ ಯಾತರಿಂದ ಅಂತ ಕೇಳುತ್ತಿದ್ದರು. ಅದಕ್ಕೆ ಆ ಕೋಣೆಯಲ್ಲಿ ಹೇಳುವಂಥ ಉತ್ತರ ನನ್ನಲ್ಲಿರಲಿಲ್ಲ.

ಕೆಲಸ ಹೋಯಿತು ಅಂತ ಅಮ್ಮನಿಗೆ ಹೇಳಿದೆ. "ಯಾರೂ ಸಾಯಲಿಲ್ವಲ್ಲ" ಅಂದಳು. ಅಮ್ಮನ ಮೇಲೆ ರೇಗಲಿಲ್ಲ. ರೇಗಬೇಕಿತ್ತು ಅಂತ ಈಗ ಅನ್ನಿಸುತ್ತಿದೆ.

ಏಪ್ರಿಲ್ ೧೨, ಶನಿವಾರ

ಶಿವರಾಮು ಜಾಗಕ್ಕೆ ಮರಿಸಿದ್ದಯ್ಯ ಅಂತ ಒಬ್ಬ ಬಂದಿದ್ದಾನೆ. ಎಲ್.ಸಿ. ಕೇಳಿದ. "ಮೇಲೆ ಯಾರ್ಯಾರು ಹತ್ತುತ್ತೀರಿ, ಹೆಸರು ಹೇಳಿ" ಅಂದೆ.

"ಎಸ್ರು ಯಾಕೆ? ನಂಬರ್ ಕೊಡಿ ಸಾಕು."

"ಹೆಸರು ಹೇಳದಿದ್ರೆ ಎಲ್.ಸಿ. ಇಲ್ಲ."

ಗೊಣಗಿಕೊಂಡು ಎರಡು ಹೆಸರು ಹೇಳಿದ. ಇಳಿದ ಮೇಲೆ ಇಬ್ಬರ ದನಿಯನ್ನೂ ಕೇಳಿಯೇ ಚಾರ್ಜ್ ಮಾಡಿದೆ. ರೂಲ್ಸಿನಲ್ಲಿ ಇಲ್ಲ ಇದು. ಯಾಕೆ ಕೇಳಿದೆನೋ ಗೊತ್ತಿಲ್ಲ, ಬಾಯಿಗೆ ಬಂತು, ಕೇಳಿದೆ. ಯುಗಾದಿ ಆದ ಮೇಲೆ ಬಿಸಿಲು ಇನ್ನೂ ಹೆಚ್ಚಾಗಿದೆ. ಗಾಜಿಲ್ಲದ ಕಿಟಕಿಗೆ ರಟ್ಟು ಹಾಕಿದ್ದಾರೆ.

ಏಪ್ರಿಲ್ ೨೫, ಶುಕ್ರವಾರ

ಬೆಳಿಗ್ಗೆ ಎಲ್.ಸಿ.ಗೆ ಫೋನ್ ಬಂತು. ಶಿವರಾಮು. ಸಸ್ಪೆನ್ಷನ್ ಮುಗಿಸಿ ಬಂದಿದ್ದಾನೆ. ಲೈನ್ ಆಫ್ ಮಾಡಿ, ಬೋರ್ಡು ಹಾಕಿ ಬಂದು, "ಯಾರ್ಯಾರು ಹತ್ತುತ್ತೀರಿ?" ಅಂದೆ.

"ನಾನೊಬ್ನೇ."

"ನಂಬರ್ ಬರ್ಕೊಳ್ಳಿ."

"ತಡೀರಿ ಮೇಡಂ. ಮೂವತ್ತಕ್ಕೆ ಓಯ್ತೀರಂತೆ. ಓಗೋರ್ಗೆ ಯೋಳ್ಬುಡಾನ ಅಂತ." ದನಿ ಇಳಿಸಿದ. "ಒಸ್ತೊಡ್ಕಿನ್ ದಿನ ಮೇಲೆ ತೇಜು ಇದ್ದ."

"ಯಾವ ತೇಜು?"

"ನಮ್ ಬಾಮೈದ. ಅಬ್ಬಕ್ಕೆ ಬಂದಿದ್ದ. ವೈರಿಂಗ್ ಕೆಲ್ಸ ಗೊತ್ತವನ್ಗೆ. ಇನ್ನೊಂದ್ ಕಂಬ ಉಳ್ಕಂಡಿತ್ತು. ನೀ ಮಾಡ್ತಿರ್ಲಾ, ಪಾಲು ಇಸ್ಕಂಡು ಬತ್ತೀನಿ ಅಂತ ಓದೆ. ಅಲ್ಲಿ ಎಲ್ರೂ ಸಿಕ್ಬುಟ್ರು. ಕುಡಿದ್ಬುಟ್ಟೆ. ತೆಂಗಿನ ಸಾಲಿನ್ ಆಚೆ ಕಂಬ ಅದು, ರಸ್ತೆಗೆ ಕಾಣಕ್ಕಿಲ್ಲ. ನಿಮ್ಗೆ ಫೋನ್ ಮಾಡಾಕ್ ಮುಂಚೆ ಅವನ್ಗೆ ಮಾಡಿ ಇಳ್ಸಿದೆ. ಅಲ್ಲೀಗಂಟ ತಂತಿ ಹಿಡ್ಕಂಡೇ ಇದ್ದ."

ನನಗೆ ಕೂರಬೇಕು ಅನ್ನಿಸಿತು, ಕೂತೇ ಇದ್ದೆ. ಆಮೇಲೆ ಸಿಟ್ಟು ಬಂತು, ಕಾಲಿನ ಉಗುರಿನಿಂದ ಬಂತು.

"ವಿಚಾರಣೇಲಿ ಯಾರೂ ಇರಲಿಲ್ಲ ಅಂದ್ರಿ. ಊರೆಲ್ಲ ನನ್ನ ನೋಡಿ ನಕ್ಕಿತು. ನನ್ನ ಕೆಲಸ ಹೋಯ್ತು."

"ಇನ್ನೇನನ್ಲಿ? ಒರಗಿನವನ್ನ ಕಂಬ ಅತ್ಸಿದ್ದೆ ಅಂದ್ರೆ ನನ್ ಕೆಲ್ಸ ಪೂರಾ ಓಗ್ತಿತ್ತು."

"ನಾನು ಸಾಹೇಬರಿಗೆ ಹೇಳ್ತೀನಿ."

"ಯೋಳಿ. ನೀವ್ ಯೋಳೇ ಯೋಳ್ತೀರ ಅಂತ ಗೊತ್ತಿದ್ದೇ ಫೋನ್ ಮಾಡ್ದೆ. ಅವ್ನ್ ಎಂಡ್ರು ಬಸ್ರಿ ಮೇಡಂ. ದಿನಾ ಮಕ ನೋಡಾಕಾಗಕ್ಕಿಲ್ಲ." ಗಂಟಲು ಕೆರೆದುಕೊಂಡ. "ಇನ್ನೊಂದ್ ಯೋಳ್ತೀನಿ. ನಿಮ್ ಜಾಗ್ದಲ್ಲಿ ನಾನಿದ್ದು, ಕಂಬ್ದ ಮೇಲೆ ನೀವಿದ್ದಿದ್ರೆ, ನಾ ಹಾಕ್ಬುಡ್ತಿದ್ದೆ. ನಿಮ್ ಮೇಲೆ ಅಷ್ಟಿತ್ತು ನಂಗೆ."

ಅವನಿಗೆ ಒಳ್ಳೆಯವಳಾಗಿ ಕಾಣಬಹುದಿತ್ತು. ಅಮ್ಮನಿಗೂ, ಸಾಹೇಬರಿಗೂ, ರೇವಣ್ಣನಿಗೂ, ನಾಳೆಯಿಂದ ಎಲ್ಲರಿಗೂ ಒಳ್ಳೆಯವಳಾಗಿ ಕಾಣಬಹುದಿತ್ತು. ಆ ಆಸೆ ಎದ್ದದ್ದು ನನಗೆ ಕಾಣಿಸಿತು.

"ನಾನೂ ಬೋರ್ಡು ತೆಗೆದಿದ್ದೆ" ಅಂದೆ. "ಸ್ವಿಚ್ ಮೇಲೆ ಕೈ ಇಟ್ಟಿದ್ದೆ. ನೀವೇ ಮೇಲಿರಬೇಕು ಅಂತ ಬೇಡಿಕೊಂಡೆ. ಅದು ನನಗೇ ಗೊತ್ತಾಗಿ ಹೆದರಿ ಕೈ ತೆಗೆದೆ. ನಿಮ್ಮ ಬಾಮೈದನಿಗೋಸ್ಕರ ಅಲ್ಲ, ರೂಲ್ಸಿಗೂ ಅಲ್ಲ."

ದೂರದಲ್ಲಿ ಒಂದು ಟ್ರ್ಯಾಕ್ಟರ್ ಸದ್ದು, ಅವನ ಸೊಂಟದ ಪಟ್ಟಿಯ ಕೊಂಡಿ ಕಂಬಕ್ಕೆ ತಾಗುವ ಸದ್ದು. ಮತ್ತೆ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಾನೆ ಅಂದುಕೊಂಡೆ.

"ಈಗ ಹತ್ಲಾ, ಬ್ಯಾಡ್ವಾ?" ಅಂದ.

ಈಗ ನನಗೆ ಏನು ಬೇಕು ಅಂತ ಕೇಳಿಕೊಂಡೆ. ತುಸು ಹೊತ್ತು ಹಿಡಿಯಿತು. ಅವನು ಕಾದ.

"ಹತ್ತಿ" ಅಂದೆ.

ಫೋಟೋ ಕೇಳದೆ ನಂಬರ್ ಬರೆದುಕೊಂಡು ಹತ್ತಿದ.